ಎಣ್ಣೆ ಮೂಸುವ ಮೇಸ್ತ್ರಿ

ದೋಣಿಕಟ್ಟೆಯ ಸಾಲಿನಲ್ಲಿ ಕೊನೆಯ ಅಂಗಡಿ ಮೇಸ್ತ್ರಿಯವರದು. ಅಂಗಡಿ ಎಂದರೆ ಮುಂದೊಂದು ಹಲಗೆ, ಹಿಂದೆ ಗೋಡೆಯುದ್ದಕ್ಕೂ ಗೂಡುಗಳು, ಗೂಡುಗಳಲ್ಲಿ ಎಂಜಿನ್ ಎಣ್ಣೆಯ ಡಬ್ಬಗಳು, ಅವುಗಳ ಪಕ್ಕದಲ್ಲಿ ಬೋರಲು ಹಾಕಿದ ಲೋಟಗಳಂತೆ ಕುಳಿತ ಫಿಲ್ಟರುಗಳು. ಒಂದು ಕಬ್ಬಿಣದ ಕುರ್ಚಿಯೂ ಇತ್ತು. ಅದರಲ್ಲಿ ಮೇಸ್ತ್ರಿಯವರಲ್ಲದೆ ಇನ್ನೊಬ್ಬರು ಕುಳಿತದ್ದನ್ನು ಕಂಡವರಿಲ್ಲ. ಬೇರೆ ಅಂಗಡಿಗೆ ಹೋದರೆ ಎಂಜಿನ್ ಯಾವುದು, ಎಷ್ಟು ಓಡಿದೆ, ಹೋದ ಸಲ ಯಾವ ಎಣ್ಣೆ ಹಾಕಿಸಿದ್ದಿರಿ ಎಂದು ನೂರೆಂಟು ಪ್ರಶ್ನೆ ಕೇಳುತ್ತಿದ್ದರು. ಮೇಸ್ತ್ರಿ ಏನನ್ನೂ ಕೇಳುತ್ತಿರಲಿಲ್ಲ. ಕೈ ಚಾಚಿ, "ಕಡ್ಡಿ" ಎನ್ನುತ್ತಿದ್ದರು, ಅಷ್ಟೆ.

ಕಡ್ಡಿ ಎಂದರೆ ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಎಷ್ಟಿದೆಯೆಂದು ಅಳೆಯುವ ಉಕ್ಕಿನ ಕಡ್ಡಿ. ಗಿರಾಕಿ ಅದನ್ನು ದೋಣಿಯಿಂದ ಎಳೆದು, ತೊಟ್ಟಿಕ್ಕದಂತೆ ಅಂಗೈ ಅಡ್ಡ ಹಿಡಿದು ತರುತ್ತಿದ್ದ. ಮೇಸ್ತ್ರಿ ತುದಿಯ ಹನಿಯನ್ನು ಎರಡು ಬೆರಳುಗಳ ನಡುವೆ ಹೊಸಕಿ, ಮೂಗಿನ ಬಳಿ ತಂದು, ಕಣ್ಣು ಮುಚ್ಚುತ್ತಿದ್ದರು. ಹರಟೆ ಕೊಚ್ಚುತ್ತಿದ್ದವರು ಆಗ ಬಾಯಿ ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತೀರ್ಪು ಬರುತ್ತಿತ್ತು. "ನೀರು ಸೇರಿದೆ." "ಸುಟ್ಟಿದೆ." "ಇನ್ನೂ ಜೀವ ಇದೆ, ಓಡಿಸು." ಮೇಲ್ಮನವಿಗೆ ಅವಕಾಶವಿರಲಿಲ್ಲ.

ಈ ಕೀರ್ತಿ ಬಂದ ಬಗೆಯೂ ಕೇಳುವಂಥದ್ದೇ. ಮೇಸ್ತ್ರಿ ಇನ್ನೂ ಮೇಸ್ತ್ರಿಯಾಗಿರದೆ ದೋಣಿ ರಿಪೇರಿಯ ಶೆಡ್ಡಿನಲ್ಲಿ ಕೈಯಾಳಾಗಿದ್ದಾಗ, ಜನರನ್ನು ತುಂಬಿಕೊಂಡು ಹೊರಡಲಿದ್ದ ದೊಡ್ಡ ಲಾಂಚಿನೊಳಕ್ಕೆ ಬಗ್ಗಿ, "ಏನೋ ಸುಟ್ಟ ವಾಸನೆ" ಎಂದುಬಿಟ್ಟರು. ಯಜಮಾನ ಗದರಿಸಿ ಲಾಂಚನ್ನು ಬಿಟ್ಟ. ಅದು ನಡುನೀರಿನಲ್ಲಿ ನಿಂತಿತು. ಹಗ್ಗ ಕಟ್ಟಿ ಎಳೆದು ತಂದಾಗ ಕಟ್ಟೆಯ ಮೇಲಿದ್ದವರೆಲ್ಲ ಯಂತ್ರವನ್ನು ನೋಡುವುದು ಬಿಟ್ಟು ಇವರ ಮೂಗನ್ನು ನೋಡಿದರು. ಅವರಿಗೆ ಬಂದ ವಾಸನೆ ಎಂಜಿನ್ನಿನದಲ್ಲ, ಒಳಗೆ ಅಡುಗೆಯವನು ಕರಕಲು ಮಾಡಿದ್ದ ಬಾಣಲೆಯದು ಎಂಬುದು ಆಮೇಲೆ ಅವರೊಬ್ಬರಿಗೇ ತಿಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ತಾನಾಗಿ ಮನೆಗೆ ಬಂದ ಕೀರ್ತಿಯನ್ನು ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸುವುದು ಯಾರಿಂದ ಸಾಧ್ಯ?

ಹಾಗೆಂದು ಮೇಸ್ತ್ರಿ ಬರಿಯ ಬುರುಡೆಯ ಮನುಷ್ಯರೇನಲ್ಲ. ಬಂದ ಹೆಸರಿಗೆ ತಕ್ಕಂತೆ ಆಮೇಲೆ ಕೆಲಸವನ್ನೂ ಕಲಿತರು. ವರ್ಷಗಟ್ಟಲೆ ಮೂಸಿ ಮೂಸಿ ಅವರ ಮೂಗು ನಿಜವಾಗಿಯೂ ಪಳಗಿತು. ಮೂಗು ಹೇಳಿದ್ದು ನಿಜವಾದಾಗ ಊರು ನೆನಪಿಟ್ಟುಕೊಂಡಿತು. ಸುಳ್ಳಾದಾಗ ಮೇಸ್ತ್ರಿಯೊಬ್ಬರೇ ನೆನಪಿಟ್ಟುಕೊಂಡರು. ಕಾರಿನ ಎಣ್ಣೆಯನ್ನು ದೋಣಿಗೆ ಹಾಕಬಾರದೆಂದು ಅವರು ಹೇಳುತ್ತಿದ್ದ ರೀತಿ ಎಂಥವರಿಗೂ ಅರ್ಥವಾಗುವಂತಿತ್ತು. "ಕಾರು ಏರು ಹತ್ತತ್ತೆ, ಇಳಿಯತ್ತೆ, ಇಳಿಯೋವಾಗ ಉಸಿರು ಬಿಡತ್ತೆ. ನೀರಿಗೆ ಇಳಿಜಾರು ಎಲ್ಲಿದೆ? ದೋಣಿಗೆ ಹೊರಟಲ್ಲಿಂದ ಮುಟ್ಟೋತನಕ ಏರೇ. ಆಮೇಲೆ ಕಟ್ಟಿಹಾಕಿದ್ರೆ ತಿಂಗಳುಗಟ್ಟಲೆ ತೇವದಲ್ಲಿ ನಿದ್ದೆ. ಭಾರಾನೂ ತಡೀಬೇಕು, ತುಕ್ಕೂ ತಡೀಬೇಕು. ಅಂಥ ಎಣ್ಣೆ ಬೇರೆ ಇರತ್ತೆ." ಫಿಲ್ಟರಿನ ಬಗ್ಗೆಯೂ ಹಾಗೆಯೇ. ತಿರುಪಿನ ಸುತ್ತು ಹೊಂದಿಕೊಂಡಿತು, ತಿರುಗಿಸಿದರೆ ಕೂತುಕೊಂಡಿತು ಎಂದು ಯಾವುದೋ ಫಿಲ್ಟರನ್ನು ಹಾಕುವವರಿಗೆ, "ಟೋಪಿ ತಲೆಗೆ ಕೂತ್ಕೊಂಡ್ತು ಅಂತ ಪೊಲೀಸನ ಟೋಪಿ ಹಾಕ್ಕೊಂಡು ಓಡಾಡ್ತೀಯಾ? ಒಳಗೆ ಎಣ್ಣೆ ಬಿಡೋ ಬಾಗಿಲು ಬೇರೆ ಕಣಯ್ಯ, ಅದು ಸರಿಯಾದ ಹೊತ್ತಿಗೆ ತೆಗೀಬೇಕು, ಸರಿಯಾದ ಹೊತ್ತಿಗೆ ಮುಚ್ಚಬೇಕು" ಎನ್ನುತ್ತಿದ್ದರು.

ಈ ಮಾತನ್ನು ಒಪ್ಪದವನು ಊರಿನಲ್ಲಿ ಒಬ್ಬನೇ. ಅವನು ಮೇಸ್ತ್ರಿಯ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಅವನದೂ ಒಂದು ಮೋಟಾರು ದೋಣಿಯಿತ್ತು. ಅದಕ್ಕೆ ಅವನು ಕಾರಿನ ಎಣ್ಣೆಯನ್ನೇ ಸುರಿಯುತ್ತಿದ್ದ, ಸುರಿದದ್ದನ್ನು ಎಲ್ಲರಿಗೂ ಹೇಳುತ್ತಿದ್ದ. "ಎಂಜಿನ್ನಿಗೇನು ಓದೋಕೆ ಬರತ್ತಾ ಅಣ್ಣಾ, ಡಬ್ಬದ ಮೇಲೆ ಏನು ಬರ್ದಿದೆ ಅಂತ?" ಎಂದು ಕೇಳುತ್ತಿದ್ದ. ಅವನ ಕಡ್ಡಿ ಒಂದು ದಿನವೂ ಮೇಸ್ತ್ರಿಯ ಕೈಗೆ ಬಂದಿರಲಿಲ್ಲ.

ಹೀಗಿರುವಾಗ ಮೇಸ್ತ್ರಿಗೆ ಜ್ವರ ಬಂತು. ಅಂಥ ದೊಡ್ಡ ಜ್ವರವೇನಲ್ಲ. ಹಾಸಿಗೆ ಹಿಡಿಸಿತು, ಬೆವರಿಳಿಸಿತು, ಹೋಯಿತು. ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು.

ಅದು ತಿಳಿದದ್ದು ಅಡುಗೆಮನೆಯಲ್ಲಿ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ದೋಣಿಗಳ ಆಸನಕ್ಕೆ ಹೊದಿಕೆ, ಬಿಸಿಲಿಗೆ ಮೇಲುಚಾವಣಿಯ ದಪ್ಪಬಟ್ಟೆ ಹೊಲಿಯುವುದು ಅವರ ಕೆಲಸ. ಒಲೆಯ ಮೇಲಿದ್ದ ಹಾಲನ್ನು ನೋಡಿಕೊಳ್ಳಲು ಗಂಡನಿಗೆ ಹೇಳಿದ್ದರು. ಯಂತ್ರ ನಿಲ್ಲಿಸಿ ಓಡಿಬಂದಾಗ ಹಾಲು ಉಕ್ಕಿ, ಬತ್ತಿ, ತಳಹಿಡಿದು, ಪಾತ್ರೆ ಕಪ್ಪಾಗಿತ್ತು. ಮೇಸ್ತ್ರಿ ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದರು.

"ಅಯ್ಯೋ, ಏನ್ರೀ ಇದು? ಬೀದಿ ತುದಿಗೆ ಹೊಡೀತಿದೆ ಸೀದ ವಾಸನೆ! ಊರಿನ ಎಣ್ಣೆನೆಲ್ಲ ಮೂಸ್ತೀರಿ, ಮನೆ ಹಾಲು ಮೂಸೋಕಾಗಲ್ವಾ?"

"ಏನೋ ಯೋಚನೆಯಲ್ಲಿದ್ದೆ ಕಣೇ" ಎಂದರು ಮೇಸ್ತ್ರಿ. ಆಮೇಲೆ ಒಬ್ಬರೇ ಸಾಬೂನು ಮೂಸಿದರು, ಈರುಳ್ಳಿ ಮೂಸಿದರು, ತಮ್ಮ ಹಳೆಯ ಚಪ್ಪಲಿಯನ್ನೂ ಮೂಸಿದರು. ಮೂರೂ ಒಂದೇ ಆಗಿದ್ದವು.

ಕಣ್ಣು ಮಂಜಾದವರು ಕನ್ನಡಕ ಹಾಕಿಕೊಳ್ಳುತ್ತಾರೆ. ಮೂಗಿಗೆ ಏನು ಹಾಕಿಕೊಳ್ಳುವುದು? ಯಾರಿಗಾದರೂ ಹೇಳೋಣವೆಂದರೆ, ಹಾಡುವವನು ಗಂಟಲು ಹೋಯಿತೆಂದು ಡಂಗುರ ಸಾರಿಸಿದಂತೆ. ಬಿಸಿತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವರು ಅಂಗಡಿಗೆ ಹೋಗಿ ಕುಳಿತರು. ಮೊದಲ ಗಿರಾಕಿ ಕಡ್ಡಿ ನೀಡಿದ. ಮೇಸ್ತ್ರಿ ಹನಿ ಹೊಸಕಿದರು, ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು. ಕತ್ತಲಲ್ಲಿ ಏನೂ ಇರಲಿಲ್ಲ. ಎಂದಿಗಿಂತ ಹೆಚ್ಚು ಹೊತ್ತು ಹಾಗೇ ಇದ್ದು, ಕಣ್ಣು ತೆರೆದು, "ಓಡತ್ತೆ. ಆದ್ರೆ ಬದಲಾಯಿಸೋದು ಮೇಲು. ಫಿಲ್ಟರೂ ಬದಲಾಯಿಸಿಬಿಡು" ಎಂದರು.

ಈ ತೀರ್ಪಿನಲ್ಲಿ ಒಂದು ದೊಡ್ಡ ಗುಣವಿತ್ತು: ಅದು ಯಾವ ಎಂಜಿನ್ನಿಗೂ ತಪ್ಪಾಗುವಂತಿರಲಿಲ್ಲ. ಎರಡನೆಯವನಿಗೂ ಅದನ್ನೇ ಹೇಳಿದರು, ಮೂರನೆಯವನಿಗೂ ಅದನ್ನೇ. ಕಟ್ಟೆಯ ದೋಣಿಗಳೆಲ್ಲ ಹೊಸ ಎಣ್ಣೆ ಕುಡಿದು, ಹೊಸ ಫಿಲ್ಟರ್ ತೊಟ್ಟು, ಹಿಂದೆಂದೂ ಇಲ್ಲದಷ್ಟು ನಯವಾಗಿ ಓಡತೊಡಗಿದವು. ಜ್ವರ ಬಂದಮೇಲೆ ಮೇಸ್ತ್ರಿಯ ಮೂಗು ಇನ್ನೂ ಚುರುಕಾಗಿದೆಯೆಂದು ಜನ ಮೂಗಿನ ಮೇಲೆ ಬೆರಳಿಟ್ಟರು.

ಆ ಹೊತ್ತಿಗೆ ಮೇಸ್ತ್ರಿಯ ಮಗಳು ತನ್ನದೇ ಒಂದು ಮೋಟಾರು ದೋಣಿ ಕೊಂಡಿದ್ದಳು. ಹಿಂಬದಿಗೆ ನೇತುಹಾಕಿದ ಪೆಟ್ರೋಲ್ ಎಂಜಿನ್, ಬಿಟ್ಟರೆ ಬಾಣ. ಅದಕ್ಕೆ ಎಣ್ಣೆ, ಫಿಲ್ಟರ್ ಆರಿಸಿದವರು ಮೇಸ್ತ್ರಿಯೇ. ಇರುವುದರಲ್ಲೆಲ್ಲ ಒಳ್ಳೆಯ ಡಬ್ಬವನ್ನು ಇಳಿಸಿ, ಕಟ್ಟೆಯವರೆಲ್ಲ ನೋಡುತ್ತಿರುವಂತೆ ತಾವೇ ಸುರಿದು, "ಇದು ಹಾಕಿದ್ಮೇಲೆ ಈ ಋತು ಮುಗಿಯೋತನಕ ಮುಚ್ಚಳ ತೆಗೆಯೋ ಹಾಗಿಲ್ಲ" ಎಂದಿದ್ದರು. ಎಂಜಿನ್ನಿನ ಜೊತೆ ಬಂದ ಪುಸ್ತಕವನ್ನು ಮಗಳು ಮುಂದೆ ಹಿಡಿದಾಗ, "ಪುಸ್ತಕಕ್ಕೆ ಮೂಗಿದೆಯಾ?" ಎಂದು ಕೇಳಿ ಪಕ್ಕಕ್ಕಿಟ್ಟಿದ್ದರು.

ಮಗಳಿಗೆ ಮೊದಲು ಸಿಕ್ಕ ಗಿರಾಕಿಗಳು ಹಕ್ಕಿ ನೋಡುವವರು. ಕೊರಳಿಗೆ ದುರ್ಬೀನು ಹಾಕಿಕೊಂಡು ಬರುವ ಈ ಜನಕ್ಕೆ ವೇಗವೆಂದರೆ ಆಗದು. "ನಿಧಾನ, ಇನ್ನೂ ನಿಧಾನ, ಹಾರಿಹೋಗತ್ತೆ" ಎಂದು ಪಿಸುಗುಟ್ಟುತ್ತ ಬೆಳಗೆಲ್ಲ ಜೊಂಡಿನ ಅಂಚಿನಲ್ಲಿ ತೆವಳಿಸುತ್ತಿದ್ದರು. ಓಡಲು ಹುಟ್ಟಿದ ಎಂಜಿನ್ ಬಿಸಿಯೇ ಆಗದೆ ಗೊಣಗುತ್ತ ಕಾಲ ಕಳೆಯುತ್ತಿತ್ತು.

ಕೆಲವು ವಾರಗಳಾದ ಮೇಲೆ ಒಂದು ಆಶ್ಚರ್ಯ ಕಾಣಿಸಿತು. ಎಲ್ಲರ ದೋಣಿಯಲ್ಲೂ ಎಣ್ಣೆ ಕಡಿಮೆಯಾಗುತ್ತ ಹೋಗುತ್ತದೆ. ಮಗಳ ದೋಣಿಯಲ್ಲಿ ಹೆಚ್ಚಾಗುತ್ತಿತ್ತು. ಕಡ್ಡಿಯ ಮೇಲಿನ ಗೆರೆಯನ್ನು ದಾಟಿ ಎಣ್ಣೆ ಮೇಲಕ್ಕೇರಿತ್ತು. ಷಡ್ಡಕ ಕಡ್ಡಿ ನೋಡಿ ನಕ್ಕ.

"ಏನಮ್ಮಾ, ಅಕ್ಷಯಪಾತ್ರೆ ಕೊಡಿಸಿದ್ದಾರಾ ನಿಮ್ಮಪ್ಪ? ಉಳಿದಿದ್ದನ್ನ ನನಗೊಂದಿಷ್ಟು ಹಾಕು."

"ನಿಮ್ಮ ಎಂಜಿನ್ನಿಗೆ ಒಳ್ಳೇದು ತಿಂದು ಅಭ್ಯಾಸ ಇಲ್ಲ, ಅಜೀರ್ಣ ಆಗತ್ತೆ ಚಿಕ್ಕಪ್ಪ" ಎಂದು ಮಗಳೂ ನಕ್ಕಳು. ಆದರೂ ಕಡ್ಡಿಯನ್ನು ಅಪ್ಪನ ಮುಂದೆ ತಂದು ಹಿಡಿದಳು. ಮರುದಿನ ಅವಳಿಗೆ ಇದ್ದದ್ದು ಹಕ್ಕಿ ನೋಡುವವರ ಸವಾರಿಯಲ್ಲ. ಆಚೆ ದಡದ ಆಸ್ಪತ್ರೆಯ ದಾದಿಯರನ್ನು ಪ್ರತಿದಿನ ಬೆಳಗ್ಗೆ ಸಂಜೆ ದಾಟಿಸಲು ಒಂದು ವೇಗದ ದೋಣಿ ಬೇಕಾಗಿತ್ತು. ಆಸ್ಪತ್ರೆಯ ಮೇಲ್ವಿಚಾರಕಿ ನಾಲ್ಕಾರು ದಾದಿಯರೊಡನೆ ಬಂದು ಒಮ್ಮೆ ಕೂತು ನೋಡುವವರಿದ್ದರು. ಅಗಲವಾದ ನೀರು, ನಡುವೆ ದ್ವೀಪವಿಲ್ಲ, ಬಂಡೆಯಿಲ್ಲ. ಕೊನೆಯವರೆಗೂ ಪೂರ್ಣ ವೇಗ.

"ಅಪ್ಪ, ಎಣ್ಣೆ ಯಾಕೋ ಏರಿದೆ. ಒಂದ್ಸಲ ವಾಸನೆ ನೋಡು."

ಮೇಸ್ತ್ರಿ ಹೊಸಕಿದರು, ಮೂಸಿದರು, ಕಣ್ಣು ಮುಚ್ಚಿದರು. ಬಾಯಿಯ ತುದಿಗೆ ಎಂದಿನ ತೀರ್ಪು ಬಂದಿತ್ತು. ಆದರೆ ಬದಲಾಯಿಸು ಎಂದರೆ, ಎಲ್ಲರೆದುರು ತಾವೇ ಆರಿಸಿ ಸುರಿದ ಎಣ್ಣೆಯನ್ನು ತಾವೇ ತಳ್ಳಿಹಾಕಿದಂತೆ. ಷಡ್ಡಕ ಬೇರೆ ಕಿವಿ ನಿಮಿರಿಸಿ ನಿಂತಿದ್ದ. "ಚಿನ್ನದಂಥ ಎಣ್ಣೆ" ಎಂದುಬಿಟ್ಟರು. "ಅಳೆಯೋವಾಗ ದೋಣಿ ವಾಲಿತ್ತೇನೋ. ಧೈರ್ಯವಾಗಿ ಹೋಗು."

ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಕೊಟ್ಟರು. ಕೈ ಒರೆಸಿದ ಚಿಂದಿ ಜೇಬಿನಲ್ಲೇ ಇತ್ತು. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ದೂರ ಹಿಡಿದರು.

"ಏನ್ರೀ ಇದು, ಪೆಟ್ರೋಲಲ್ಲಿ ಸ್ನಾನ ಮಾಡ್ಕೊಂಡು ಬಂದಿದೀರಾ? ಒಲೆ ಹತ್ರ ಬರಬೇಡಿ, ಅಲ್ಲೇ ನಿಂತ್ಕೊಳಿ!"

"ಪೆಟ್ರೋಲ್ ಎಲ್ಲೇ ಬಂತು? ಮಗಳ ಎಂಜಿನ್ನಿನ ಎಣ್ಣೆ ಅದು."

"ಎಣ್ಣೆಯಂತೆ ಎಣ್ಣೆ. ನನಗೇನು ಮೂಗಿಲ್ವಾ?"

ಮೇಸ್ತ್ರಿ ನಿಂತಲ್ಲೇ ನಿಂತರು. ನಿಧಾನ ಓಡಿದ ಎಂಜಿನ್, ತಣ್ಣಗಿನ ಹೊಟ್ಟೆ, ಉರಿಯದೆ ಉಳಿದ ಪೆಟ್ರೋಲ್ ಹನಿಹನಿಯಾಗಿ ಕೆಳಗಿಳಿದು ಎಣ್ಣೆಯಲ್ಲಿ ಸೇರುತ್ತಿದೆ. ಏರಿದ್ದು ಎಣ್ಣೆಯಲ್ಲ, ಪೆಟ್ರೋಲು. ನೀರಿನಂತೆ ತೆಳುವಾದ ಆ ಎಣ್ಣೆಯಲ್ಲಿ ಪೂರ್ಣ ವೇಗಕ್ಕೆ ಬಿಟ್ಟರೆ, ನಡುನೀರು ಮುಟ್ಟುವ ಮೊದಲೇ ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಎರಡು ಬೆರಳಿನಲ್ಲಿ ಹೊಸಕಿದಾಗಲೇ ಆ ತೆಳುವು ತಿಳಿಯಬೇಕಾಗಿತ್ತು. ಮೂಗಿನ ಚಿಂತೆಯಲ್ಲಿ ಬೆರಳು ಹೇಳಿದ್ದನ್ನು ಅವರು ಕೇಳಿರಲಿಲ್ಲ.

ಮಗಳು ಹಿಂದಿನ ಬೀದಿಯಲ್ಲೇ ಇರುತ್ತಿದ್ದಳು. ಆಗಲೇ ಹೋಗಿ ಹೇಳಬಹುದಿತ್ತು. ಮೇಸ್ತ್ರಿ ಚಪ್ಪಲಿ ಮೆಟ್ಟಿದರು, ಬಿಟ್ಟರು, ಮತ್ತೆ ಮೆಟ್ಟಿದರು. ಬೆಳಗ್ಗೆ ಬೇಗ ಹೋಗಿ, ಏನೋ ಒಂದು ನೆಪ ಹೇಳಿ, ಎಣ್ಣೆ ಬದಲಾಯಿಸಿದರಾಯಿತು; ಕೋಲೂ ಮುರಿಯುವುದಿಲ್ಲ, ಹಾವೂ ಸಾಯುತ್ತದೆ ಎಂದು ಕೊನೆಗೆ ಚಪ್ಪಲಿಯನ್ನು ಮೂಲೆಗೆ ತಳ್ಳಿದರು.

ಬೆಳಗ್ಗೆ ಹೋದಾಗ ಮಗಳು ಅವರಿಗಿಂತ ಬೇಗ ಬಂದಿದ್ದಳು. ಆಸ್ಪತ್ರೆಯವರೂ ಬಂದಿದ್ದರು. ಷಡ್ಡಕನೂ ಇದ್ದ, ಅವನಿಗೆ ಕೆಲಸವಿಲ್ಲದ ಕಡೆ ಇರುವುದೇ ಒಂದು ಕೆಲಸ.

"ಒಂದು ಗಳಿಗೆ ತಾಳು ಪುಟ್ಟಿ. ಎಣ್ಣೆ ಬದಲಾಯಿಸಿಬಿಡ್ತೀನಿ" ಎಂದು ಮೇಸ್ತ್ರಿ ಡಬ್ಬ, ಫಿಲ್ಟರ್ ಕೆಳಗಿಟ್ಟರು.

"ಯಾಕಪ್ಪ? ನಿನ್ನೆ ಚಿನ್ನ ಅಂದೆ."

"ಚಿನ್ನಾನೇ. ಆದ್ರೂ ಒಳ್ಳೆ ಕೆಲಸಕ್ಕೆ ಹೋಗ್ತಿದೀಯ, ಹೊಸದಿರ್ಲಿ ಅಂತ."

"ಒಂದೇ ದಿನದಲ್ಲಿ ಚಿನ್ನ ಹಿತ್ತಾಳೆ ಆಯ್ತಾ ಅಣ್ಣಾ?" ಎಂದ ಷಡ್ಡಕ.

ಮಗಳು ಆಸ್ಪತ್ರೆಯವರ ಕಡೆ ನೋಡಿ ದನಿ ತಗ್ಗಿಸಿದಳು. "ಅವರು ಕಾಯ್ತಿದಾರೆ. ನಿನಗೆ ನಾನು ಅಷ್ಟು ದೂರ ಹೋಗೋದು ಭಯ, ಅಷ್ಟೇ ತಾನೆ? ನೀನು ಏನು ಹೇಳಿದ್ರೂ ಕೇಳಲ್ಲ. ನಿನ್ನ ಮೂಗು ಹೇಳಿದ್ದು ಕೇಳ್ತೀನಿ. ಅದು ಹೋಗು ಅಂತ ಹೇಳಾಗಿದೆ." ಹಗ್ಗ ಬಿಚ್ಚಲು ಬಗ್ಗಿದಳು.

ಮೇಸ್ತ್ರಿ ಅವಳ ಕೈಯ ಮೇಲೆ ಕೈಯಿಟ್ಟು ಹಗ್ಗವನ್ನು ಒತ್ತಿ ಹಿಡಿದರು. ಜೀವಮಾನವೆಲ್ಲ ಸಾಕಿದ ಮೂಗು ಈಗ ಅವರ ಎದುರುಪಕ್ಷವಾಗಿ ನಿಂತಿತ್ತು.

"ನನಗೆ ವಾಸನೆ ಬರಲ್ಲ" ಎಂದರು.

"ಏನು?"

"ವಾಸನೆ ಬರಲ್ಲ. ಜ್ವರ ಬಂದಾಗಿನಿಂದ. ನಿನ್ನೆ ನಿನ್ನ ಕಡ್ಡಿ ಮೂಸಿದ್ದು ಬರೀ ನಾಟಕ. ಎಣ್ಣೆಯೊಳಗೆ ಪೆಟ್ರೋಲ್ ಸೇರಿದೆ. ಹೇಳಿದ್ದು ನಿಮ್ಮಮ್ಮ."

ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಹೋದ ವಾರ ತಾನೇ ಅವರಿಂದ ಮೂಸಿಸಿಕೊಂಡು ಹೋದವನೊಬ್ಬ ಕಣ್ಣೊರೆಸಿಕೊಳ್ಳುತ್ತ, "ಮಗಳನ್ನ ಕಳಿಸೋಕೆ ಇಷ್ಟ ಇಲ್ಲ ಅಂದ್ರೆ ಹಾಗಂತ ಹೇಳಿ ಮೇಸ್ತ್ರಿ. ಮೂಗಿನ ಮೇಲೆ ಯಾಕೆ ಹಾಕ್ತೀರಿ?" ಎಂದ. ಅಷ್ಟು ವರ್ಷ ಅವರು ಹೇಳಿದ ಅರ್ಧಂಬರ್ಧ ನಿಜಗಳನ್ನೆಲ್ಲ ಪೂರ್ತಿ ನಂಬಿದ ಜನ, ಮೊದಲ ಸಲ ಹೇಳಿದ ಪೂರ್ತಿ ನಿಜವನ್ನು ನಂಬಲಿಲ್ಲ.

ಷಡ್ಡಕನೇ ಪರೀಕ್ಷೆಗೆ ಮುಂದಾದ. "ಕಣ್ಣು ಮುಚ್ಚಿ ಅಣ್ಣಾ, ನೋಡೇಬಿಡೋಣ" ಎಂದು ಓಡಿಹೋಗಿ, ಗಾಳ ಹಾಕುವವರು ಬಿಸಿಲಿನಲ್ಲಿ ಮರೆತುಹೋಗಿದ್ದ ಮೀನಿನ ಎರೆಯ ಡಬ್ಬವನ್ನು ತಂದು ಮುಚ್ಚಳ ತೆಗೆದ. ದಾದಿಯರು ಸೆರಗು, ಕರವಸ್ತ್ರ, ಕೈಗೆ ಸಿಕ್ಕಿದ್ದರಲ್ಲಿ ಮುಖ ಮುಚ್ಚಿಕೊಂಡರು. ನಕ್ಕವನು ನೀರಿನ ಕಡೆ ತಿರುಗಿ ಓಕರಿಸಿದ. ಷಡ್ಡಕ ಉಸಿರು ಬಿಗಿಹಿಡಿದು ಡಬ್ಬವನ್ನು ಮೇಸ್ತ್ರಿಯ ಮೂಗಿನ ಕೆಳಗೇ ಹಿಡಿದ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಮಗುವಿನಷ್ಟು ಶಾಂತವಾಗಿ ನಿಂತಿದ್ದರು.

"ತಂದ್ಯೇನೋ ತಮ್ಮ? ಬೇಗ ತಾ, ಹೊತ್ತಾಗ್ತಿದೆ" ಎಂದರು.

ಈ ಸಲ ಯಾರೂ ನಗಲಿಲ್ಲ. "ಜ್ವರದ ಮೇಲೆ ಕೆಲವರಿಗೆ ಹೀಗಾಗತ್ತೆ" ಎಂದಳು ಒಬ್ಬ ದಾದಿ, ಕರವಸ್ತ್ರದೊಳಗಿಂದಲೇ.

ಮಗಳು ಪಾತ್ರೆಯೊಂದನ್ನು ಎಂಜಿನ್ನಿನ ಕೆಳಗಿಟ್ಟು ತಳದ ತಿರುಪು ಬಿಚ್ಚಿದಳು. ಜೇನಿನಂತೆ ಇಳಿಯಬೇಕಾದದ್ದು ಕಷಾಯದಂತೆ ಸುರಿಯಿತು. ಸುತ್ತ ನಿಂತವರಿಗೆಲ್ಲ ಘಾಟು ಹೊಡೆಯಿತು. "ಪೆಟ್ರೋಲು!" ಎಂದು ಎಲ್ಲರೂ ಒಟ್ಟಿಗೆ ಅಂದರು. ಆ ಕಟ್ಟೆಯ ಮೇಲೆ ಇದ್ದವರಿಗೆಲ್ಲ ಒಂದೊಂದು ಮೂಗಿತ್ತು. ಇಷ್ಟು ದಿನ ಅದನ್ನು ಬಳಸುವ ಪ್ರಮೇಯ ಬಂದಿರಲಿಲ್ಲ, ಅದು ಮೇಸ್ತ್ರಿಯ ಇಲಾಖೆಯಾಗಿತ್ತು.

ಮಗಳು ಹೊಸ ಫಿಲ್ಟರಿನ ಅಂಚಿನ ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರುತ್ತ, ತಲೆಯೆತ್ತದೆ ಹೇಳಿದಳು: "ನನಗೂ ಬಂದಿತ್ತಪ್ಪ ಆ ವಾಸನೆ. ನಿನ್ನೆ ಅಲ್ಲ, ಹೋದ ವಾರವೇ."

"ಮತ್ತೆ ಹೇಳ್ಬಾರದಿತ್ತಾ?"

"ಅದಕ್ಕೇ ನಿನ್ನೆ ಕಡ್ಡಿ ತಂದಿದ್ದು. ನೀನು ಚಿನ್ನ ಅಂದ್ಯಲ್ಲ. ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ."

ಮೇಸ್ತ್ರಿಗೆ ಎರೆಯ ಡಬ್ಬ ಮಾಡದಿದ್ದದ್ದನ್ನು ಆ ಮಾತು ಮಾಡಿತು, ಮುಖ ತಿರುಗಿಸಿಕೊಂಡರು. ಆಮೇಲೆ ಹೊಸ ಎಣ್ಣೆ ಸುರಿದರು. ಗೆರೆ ಮುಟ್ಟುತ್ತಲೇ ನಿಲ್ಲಿಸಿ, "ಹಕ್ಕಿಯವರನ್ನ ಇಳಿಸಿದ್ಮೇಲೆ ದಿನಾ ಒಂದು ಸುತ್ತು ಜೋರಾಗಿ ಓಡಿಸು, ಎಂಜಿನ್ ಬಿಸಿಯಾಗ್ಲಿ. ನಾನು ಋತುವೆಲ್ಲ ಬರತ್ತೆ ಅಂದಿದ್ದು ತಪ್ಪು, ಬೇಗ ಬದಲಾಯಿಸ್ಬೇಕು. ಎಷ್ಟು ಬೇಗ ಅಂತ..." ಎಂದು ತಡೆದು, "ಆ ಪುಸ್ತಕ ಎಲ್ಲಿಟ್ಟೆ?" ಎಂದರು.

ಆಸ್ಪತ್ರೆಯವರು ಹೊರಟುಹೋಗಿರುತ್ತಾರೆಂದು ಎಲ್ಲರೂ ಎಣಿಸಿದ್ದರು. ಹೋಗಿರಲಿಲ್ಲ. ಮೇಲ್ವಿಚಾರಕಿ ಗಡಿಯಾರ ನೋಡುತ್ತ ಷಡ್ಡಕನ ದೋಣಿಯನ್ನಾದರೂ ತೆಗೆದುಕೊಳ್ಳೋಣವೆಂದು ಹೊರಟಿದ್ದರು. ಅದು ಎಂಜಿನ್ನಿನ ಹಗ್ಗ ಎಷ್ಟು ಎಳೆದರೂ ಕೆಮ್ಮಿತೇ ಹೊರತು ಹೊರಡಲಿಲ್ಲ. ಹೀಗಾಗಿ ಕಾದು ಮಗಳ ದೋಣಿಯಲ್ಲೇ ಹೋದರು. ಅದು ನೊರೆಯೆಬ್ಬಿಸಿಕೊಂಡು ಚುಕ್ಕಿಯಾಗುವವರೆಗೂ ಮೇಸ್ತ್ರಿ ಎಂಜಿನ್ನಿನ ದನಿಯನ್ನು ಕೇಳುತ್ತ ನಿಂತಿದ್ದರು. ಕಿವಿ ಇನ್ನೂ ಚೆನ್ನಾಗಿತ್ತು. ಮಗಳು ಹಿಂದಿರುಗಿದಾಗ ಕೆಲಸ ಅವಳದಾಗಿತ್ತು. ಹೊತ್ತಿಗೆ ಸರಿಯಾಗಿ ಹೊರಡಲಿಲ್ಲವೆಂದು ಮೇಲ್ವಿಚಾರಕಿಯಿಂದ ದಾರಿಯುದ್ದಕ್ಕೂ ಬೈಸಿಕೊಂಡಿದ್ದಳು, ಅಷ್ಟೆ.

ಇನ್ನು ಅಂಗಡಿಗೆ ಯಾರು ಬರುತ್ತಾರೆಂದು ಮೇಸ್ತ್ರಿ ಅಂದು ಮಧ್ಯಾಹ್ನ ಡಬ್ಬಗಳ ಧೂಳು ಒರೆಸುತ್ತ ಕುಳಿತರು. ಬಿಸಿಲಿಗೆ ಕಟ್ಟೆಯ ಮೇಲೆ ನರಪಿಳ್ಳೆಯಿರಲಿಲ್ಲ. ಆಗ ಅತ್ತಿತ್ತ ನೋಡುತ್ತ ಒಬ್ಬ ಒಳಗೆ ಬಂದ. ಅಂಗೈ ಅಡ್ಡ ಹಿಡಿದು ಕಡ್ಡಿ ತಂದಿದ್ದ. ಷಡ್ಡಕ.

"ಏನೋ ಇದು? ನನಗೆ ವಾಸನೆ ಬರಲ್ಲ ಅಂತ ಬೆಳಗ್ಗೆ ನೀನೇ ತೋರಿಸಿದ್ಯಲ್ಲ!"

"ಅದಕ್ಕೇ ತಂದೆ ಅಣ್ಣಾ. ನಿಮ್ಮ ಮೂಗಿನ ಮೇಲೆ ನನಗೆ ಯಾವತ್ತೂ ನಂಬಿಕೆ ಇರ್ಲಿಲ್ಲ. ಇವತ್ತು ನಿಮ್ಮ ಮೇಲೆ ಬಂತು. ನೋಡಿ, ಯಾಕೆ ಹೊರಡ್ತಿಲ್ಲ ಹೇಳಿ."

ಮೇಸ್ತ್ರಿ ಆ ಕಬ್ಬಿಣದ ಕುರ್ಚಿಯಿಂದ ಎದ್ದು, ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು, ಹನಿಯನ್ನು ಹೊಸಕಿದರು. ಮೂಗಿಗೆ ಮಾತ್ರ ಹಿಡಿಯಲಿಲ್ಲ. ಎಂಜಿನ್ ಯಾವುದು, ಎಷ್ಟು ಓಡಿದೆ, ಫಿಲ್ಟರ್ ಯಾವಾಗ ಹಾಕಿದ್ದು ಎಂದು ಒಂದೊಂದಾಗಿ ಕೇಳಿದರು. ಅವನು ಒಂದೊಂದಕ್ಕೂ ತಲೆ ಕೆರೆದುಕೊಂಡು ಉತ್ತರ ಹೇಳಿದ.

"ಸರಿ. ಹೊರಡದೇ ಇರೋದಕ್ಕೆ ಬೇರೆ ಕಾರಣ ಇರಬಹುದು, ಸಂಜೆ ಬಂದು ನೋಡ್ತೀನಿ" ಎಂದರು ಮೇಸ್ತ್ರಿ. "ಮೊದಲು ಆ ಕಾರಿನ ಎಣ್ಣೆ ತೆಗೆದು ಚೆಲ್ಲು."

ಷಡ್ಡಕ ಕಡ್ಡಿಯನ್ನು ವಾಪಸು ತೆಗೆದುಕೊಂಡ. ಆಮೇಲೆ, ತುಂಬ ವಿನಯದಿಂದ, "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಅಣ್ಣಾ" ಎಂದ.